ಫ್ಲಾರೆನ್ಸಿನ ಅಂಗಡಿಗಳ ಪಟ್ಟಿ ಬರೆದವರು ಯಾರು?

ಇಂಥ ಕತೆಗಳನ್ನು ನಾನು ನಂಬುತ್ತಿರಲಿಲ್ಲ. ನಂಬದಿರುವುದಷ್ಟೇ ಅಲ್ಲ, ಹೇಳುವವರ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ ಸತ್ತ ಅಜ್ಜಿ ಬಂದು ಮಂಚದ ಪಕ್ಕ ನಿಂತಿದ್ದರು ಎಂದೋ, ಖಾಲಿ ಮನೆಯಲ್ಲಿ ಹೆಸರು ಹಿಡಿದು ಕರೆದಂತಾಯಿತು ಎಂದೋ ಶುರು ಮಾಡಿದರೆ, "ಎಷ್ಟು ಗಂಟೆಗೆ? ಜೊತೆಯಲ್ಲಿ ಯಾರಿದ್ರು?" ಎಂದು ಕೇಳುತ್ತಿದ್ದೆ. ಅಲ್ಲಿಗೆ ಕತೆ ನಿಂತುಹೋಗುತ್ತಿತ್ತು. ಔಷಧ ತಯಾರಿಸುವ ಕಂಪನಿಯೊಂದರಲ್ಲಿ ದಾಖಲೆ ಪರಿಶೀಲಿಸುವುದು ನನ್ನ ಕೆಲಸ. ಮಾಡಿದ್ದಕ್ಕೂ ಬರೆದದ್ದಕ್ಕೂ ತಾಳೆಯಾಗದಿದ್ದರೆ ಎಂಥವರ ಸಹಿಯಿದ್ದರೂ ವಾಪಸು ಕಳಿಸುತ್ತೇನೆ. ಅಂಥ ನನಗೇ ಹೀಗಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನೀವು ನನ್ನನ್ನು ನಂಬಬೇಕೆಂದೇನಿಲ್ಲ. ನಂಬದವರಲ್ಲಿ ನನ್ನ ಗಂಡನೂ ಒಬ್ಬ.

ಮೊದಲು ನನ್ನ ಓರಗಿತ್ತಿಯ ವಿಷಯ ಹೇಳಬೇಕು. ಭಾರತಿ ನನ್ನ ಗಂಡ ರಘುವಿನ ಅಣ್ಣನ ಹೆಂಡತಿ. ಇಲ್ಲಿ ಹೊರದೇಶದಲ್ಲಿ ಅವರದು ವೆಸ್ಟ್ ವಿಂಡ್ಸರ್, ನಮ್ಮದು ಸಮರ್‌ಸೆಟ್. ಗಂಡನ ಮನೆಯವರೆಲ್ಲ ಧಾರವಾಡದವರು, ನಾನೊಬ್ಬಳು ಮೈಸೂರಿನವಳು. ಕಾರಿನಲ್ಲಿ ಅರ್ಧ ಗಂಟೆಯ ದಾರಿಯಾದರೂ ಆರು ವರ್ಷಗಳಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಗಂಡಂದಿರ ಮೂಲಕ.

ತಪ್ಪು ನನ್ನದೇ. ಅತ್ತೆಯವರು ಕೊನೆಯ ಎರಡು ವರ್ಷ ಹಾಸಿಗೆ ಹಿಡಿದು ಅವರ ಮನೆಯಲ್ಲಿದ್ದರು. ಒಂದು ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ನಮಗೆ ಫೋನ್ ಬಂದದ್ದು ಎಲ್ಲ ಮುಗಿದ ಮೇಲೆ. ಹಿಂದಿನ ದಿನವೇ ಉಸಿರಾಟ ಹದಗೆಟ್ಟಿತ್ತಂತೆ, ಆದರೂ ಹೇಳಿರಲಿಲ್ಲ. ಆ ಸಿಟ್ಟನ್ನು ನಾನು ವೈಕುಂಠ ಸಮಾರಾಧನೆಯ ದಿನ, ಊಟಕ್ಕೆ ಕೂತ ನಲವತ್ತು ಜನರ ಮುಂದೆ ತೀರಿಸಿಕೊಂಡೆ. "ನನ್ನ ಮನೇಲಿದ್ದಿದ್ರೆ ಅತ್ತೆ ಇನ್ನೂ ನಾಲ್ಕು ವರ್ಷ ಇರ್ತಿದ್ರು" ಎಂದೆ. ಭಾರತಿ ಬಡಿಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು ಮಹಡಿ ಹತ್ತಿ ಹೋದರು. ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡಿರಲಿಲ್ಲ.

ನಮ್ಮ ಮಗಳು ನಿಧಿಗೆ ಮದುವೆ ಗೊತ್ತಾಯಿತು. ಮೇ ತಿಂಗಳಲ್ಲಿ ನಿಶ್ಚಿತಾರ್ಥ. ಅದಕ್ಕೆ ಮೊದಲು ಮಾರ್ಚಿನಲ್ಲಿ ರಘು ಮತ್ತು ನಾನು ಒಂದು ವಾರ ಫ್ಲಾರೆನ್ಸಿಗೆ ಹೋಗುವುದೆಂದು ತೀರ್ಮಾನವಾಯಿತು. ಬೀಗರಿಗೆ ಕೊಡುವ ಉಡುಗೊರೆಗಳನ್ನೂ ಅಲ್ಲೇ ಕೊಂಡರಾಯಿತು ಎಂಬುದು ನನ್ನ ಯೋಚನೆ. ಬೀಗಿತ್ತಿ ಬಟ್ಟೆಬರೆ, ಬ್ಯಾಗುಗಳ ವಿಷಯದಲ್ಲಿ ಬಹಳ ಸೂಕ್ಷ್ಮ, ಒಂದು ಹೊಲಿಗೆ ಓರೆಯಾಗಿದ್ದರೂ ಅವರ ಕಣ್ಣಿಗೆ ಬೀಳುತ್ತದೆ. ನೆಟ್‌ನಲ್ಲಿ ನೋಡಿದರೆ ಒಬ್ಬರು ಹೊಗಳಿದ ಅಂಗಡಿಯನ್ನು ಇನ್ನೊಬ್ಬರು ಮೋಸ ಎನ್ನುತ್ತಿದ್ದರು. "ವೈನಿನ್ನ ಕೇಳು. ಅವರಿಗೆ ಆ ಊರಿನ ಓಣಿ ಓಣಿ ಗೊತ್ತದ" ಎಂದ ರಘು, ಅತ್ತಿಗೆ ಭಾರತಿಯ ಬಗ್ಗೆ. ನಿಜ. ಮೂರು ವರ್ಷದ ಹಿಂದೆ ಭಾವ ಅಲ್ಲೊಂದು ಕಾಲೇಜಿನಲ್ಲಿ ಒಂದು ಟರ್ಮ್ ಪಾಠ ಮಾಡಲು ಹೋದಾಗ ಭಾರತಿಯೂ ನಾಲ್ಕು ತಿಂಗಳು ಅಲ್ಲಿದ್ದರು. ನಿಧಿಯೂ "ಅಮ್ಮಾ, ಜಸ್ಟ್ ಆಸ್ಕ್ ಹರ್" ಎಂದಳು. ನಾನು ಕೇಳುವುದಿಲ್ಲ ಎಂದೆ.

ಜನವರಿಯ ಕೊನೆಯ ಶನಿವಾರ ಬ್ಲೌಸ್ ಹೊಲಿಯಲು ಕೊಡಲೆಂದು ವೆಸ್ಟ್ ವಿಂಡ್ಸರ್‌ನಲ್ಲಿರುವ ಆಂಟಿಯೊಬ್ಬರ ಮನೆಗೆ ಒಬ್ಬಳೇ ಹೋಗಿದ್ದೆ. ಅಳತೆ ಕೊಟ್ಟು ಹೊರಬಂದಾಗ ಹನ್ನೊಂದು ಗಂಟೆ ಆಗುತ್ತಾ ಬಂದಿತ್ತು. ಭಾರತಿಯ ಮನೆ ಅಲ್ಲಿಂದ ಐದು ನಿಮಿಷ. ಯಾಕೆ ಆ ಕಡೆ ಕಾರು ತಿರುಗಿಸಿದೆನೋ ಗೊತ್ತಿಲ್ಲ. ಮುಂಚೆ ಫೋನ್ ಕೂಡ ಮಾಡಲಿಲ್ಲ, ಮಾಡಿದರೂ ಅವರು ಎತ್ತುತ್ತಿರಲಿಲ್ಲ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಕಾರಿರಲಿಲ್ಲ. ಗರಾಜಿನೊಳಗಿರಬೇಕು ಎಂದುಕೊಂಡು ಬೆಲ್ ಒತ್ತಿದೆ.

ಭಾರತಿಯೇ ಬಾಗಿಲು ತೆರೆದರು. "ಯಾಕ ಬಂದಿ?" ಎಂದರು. ಫ್ಲಾರೆನ್ಸಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ನನ್ನನ್ನು ನೋಡಿ, "ಬೂಟು ಅಲ್ಲೇ ಬಿಟ್ಟು ಬಾ" ಎಂದು ಒಳಗೆ ನಡೆದರು. ಮನೆಯೊಳಗೆ ಚಳಿಯಿತ್ತು. ಕೋಟು ತೆಗೆಯಲು ಮನಸ್ಸಾಗಲಿಲ್ಲ, ಅವರೂ ತೆಗೆ ಎನ್ನಲಿಲ್ಲ. ಊಟದ ಮೇಜಿಗೆ ಎದುರುಬದುರು ಕೂತೆವು. ಚಹಾ ಹಾಗಿರಲಿ, ನೀರು ಬೇಕೇ ಎಂದೂ ಕೇಳಲಿಲ್ಲ. ಫ್ರಿಜ್ಜಿಗೆ ಅಂಟಿಸಿದ್ದ ಪ್ಯಾಡಿನಿಂದ ಗೆರೆ ಹಾಕಿದ ಒಂದು ಹಾಳೆ ಹರಿದುಕೊಂಡು ಕನ್ನಡದಲ್ಲಿ ಬರೆಯಲು ಶುರು ಮಾಡಿದರು.

"ದೊಡ್ಡ ಸಂತಿಯೊಳಗ ಬ್ಯಾಗು ಸಾಲಾಗಿ ತೂಗಹಾಕಿರ್ತಾರ. ಅಲ್ಲಿ ತಗೋಬ್ಯಾಡ, ಅರ್ಧಕ್ಕರ್ಧ ಚರ್ಮಾನೇ ಅಲ್ಲ. ನದೀ ದಾಟಿ ಹೋಗು. ಸಾಂತೋ ಸ್ಪಿರಿತೋ ಚೌಕದ ಹಿಂದ ಮೂರನೇ ಓಣಿ. ಮುದುಕ ತಾನೇ ಕೂತು ಹೊಲೀತಾನ." ಅದೇ ಉಸಿರಿನಲ್ಲಿ, ತಲೆ ಎತ್ತದೆ, "ಬೀಗರ ಮುಂದ ಮರ್ಯಾದಿ ಉಳೀಬೇಕಲ್ಲ ನಿನಗ. ನನ್ನ ಮರ್ಯಾದಿ ಮಂದಿ ಮುಂದ ಹೆಂಗ ತಗದಿ, ನೆನಪದನು?" ಎಂದರು.

ಒಂದು ಗಂಟೆ ಹೀಗೇ ನಡೆಯಿತು. ಒಂದು ಅಂಗಡಿ, ಒಂದು ಬೈಗುಳ. ಹಳೆಯ ಸೇತುವೆಯ ಮೇಲಿನ ಬಂಗಾರದಂಗಡಿಗಳನ್ನು ನೋಡು, ಕೊಳ್ಳಬೇಡ. ಬಣ್ಣದ ನೀರಿನ ಮೇಲೆ ಹಾಳೆ ಹಾಸಿ ಎತ್ತಿ ನವಿಲುಗರಿಯಂಥ ಗೆರೆ ಮೂಡಿಸುವ ಕಾಗದ ಬೇಕಿದ್ದರೆ, ಅದನ್ನು ಕಣ್ಣೆದುರೇ ಮಾಡಿ ತೋರಿಸುವ ಅಂಗಡಿಗೇ ಹೋಗು. ಕೈಗವಸಿನ ಅಂಗಡಿ ನದಿಯ ಈಚೆ, ಗಡಿಯಾರದ ಅಂಗಡಿಯ ಪಕ್ಕ. ಮಧ್ಯಾಹ್ನ ಒಂದಾದರೆ ಶಟರ್ ಎಳೆಯುತ್ತಾರೆ, ಸೋಮವಾರ ಬೆಳಿಗ್ಗೆ ಹೋಗಬೇಡ. ನಡುನಡುವೆ, ನಾನೆಂಥವಳು ಎಂಬ ವಿವರ. ನಾನೂ ಸುಮ್ಮನಿರಲಿಲ್ಲ. "ಹಿಂದಿನ ದಿನವೇ ಒಂದು ಫೋನ್ ಮಾಡೋಕೆ ನಿಮಗೇನಾಗಿತ್ತು?" ಎಂದು ಕೇಳಿಯೇಬಿಟ್ಟೆ.

ಭಾರತಿ ಪೆನ್ನು ಕೆಳಗಿಟ್ಟರು. "ಎರಡು ವರ್ಷ ಅವರ ಹೇಲು ಉಚ್ಚಿ ತಗದಾಕಿ ನಾನು. ನೀ ಒಂದು ಮಾತಿನಾಗ ಎಲ್ಲಾ ಒರಸಿ ಹಾಕಿದಿ. ಫೋನ್ ಕೈಯಾಗ ಹಿಡಕೊಂಡಿದ್ದೆ. ಅತ್ತಿಯವರೇ ನನ್ನ ಮುಂಗೈ ಹಿಡದು ಬ್ಯಾಡಂದ್ರು. 'ಸಣ್ಣಾಕಿಗೆ ಹೇಳಬ್ಯಾಡ, ಬಂದು ಗದ್ದಲಾ ಮಾಡ್ತಾಳ, ನನಗ ಸುಮ್ಮನ ಹೋಗಬೇಕಾಗೇದ' ಅಂದ್ರು. ಇದನ್ನ ಯಾರಿಗೂ ಹೇಳಿಲ್ಲ ನಾನು. ಈಗ ನೀ ಕೇಳಿದಿ, ತಗೋ."

ಹಾಳೆ ಮಡಿಸಿ ನನ್ನ ಕಡೆ ತಳ್ಳಿದರು. ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, "ತಪ್ಪಾಯ್ತು ಅಕ್ಕ. ಆ ಮಾತು ನಾನು ಆಡಬಾರದಿತ್ತು" ಎಂದೆ. ಅವರು ಬಾಗಿಲು ಹಾಕಿಕೊಂಡರು.

ಮನೆಗೆ ಬಂದು, ಅಕ್ಕ ಪಟ್ಟಿ ಕೊಟ್ಟರು ಎಂದಷ್ಟೇ ರಘುವಿಗೆ ಹೇಳಿದೆ. ಉಳಿದದ್ದನ್ನು ಹೇಳಲು ನಾಚಿಕೆಯಾಯಿತು. ಮಾರನೆಯ ದಿನ ಭಾವನಿಂದ ಫೋಟೋ ಬಂತು, ಬಾಸ್ಟನ್‌ನಲ್ಲಿರುವ ಅವರ ಮಗಳಿಗೆ ಗಂಡುಮಗು. ನಾನು ಹೊರಟ ಮೇಲೆ ಅವರೂ ಹೊರಟಿರಬೇಕು ಎಂದುಕೊಂಡೆ. ರಘುವೂ, "ಛಲೋ ಆತು, ಹೊರಡೂಕಿಂತ ಮೊದಲ ಸಿಕ್ಕರಲ್ಲ" ಎಂದ.

ಫ್ಲಾರೆನ್ಸಿನಲ್ಲಿ ಆ ಹಾಳೆಯೇ ನಮ್ಮ ದಾರಿದೀಪ. ಒಂದು ಅಂಗಡಿಯೂ ತಪ್ಪಲಿಲ್ಲ. ಮೂರನೆಯ ಓಣಿಯ ಮುದುಕ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಬ್ಯಾಗಿನ ಹಿಡಿ ಹೊಲಿಯುತ್ತಿದ್ದ. ಬೀಗಿತ್ತಿಗೆ ಕಂದು ಬಣ್ಣದ ಬ್ಯಾಗು ಕೊಂಡೆ. ಕೈಗವಸಿನ ಅಂಗಡಿಯ ಹೆಂಗಸು ಪುಟ್ಟ ದಿಂಬಿನ ಮೇಲೆ ನನ್ನ ಮೊಣಕೈ ಊರಿಸಿ, ಒಂದೊಂದೇ ಬೆರಳಿಗೆ ಚರ್ಮ ಎಳೆದು ಕೂರಿಸಿದಳು. ನಾವು ಅಂಗಡಿಯನ್ನು ಅಷ್ಟು ಸಲೀಸಾಗಿ ಹುಡುಕಿಕೊಂಡದ್ದು ಅವಳಿಗೇ ಆಶ್ಚರ್ಯ. ಮೊದಲು ನದಿಯ ಆಚೆಗಿದ್ದೆವು, ಈ ಜಾಗಕ್ಕೆ ಬಂದದ್ದು ಕ್ರಿಸ್‌ಮಸ್ ಕಳೆದ ಮೇಲೆ ಎಂದಳು. ನಾನು ಆ ಮಾತನ್ನು ಆಗ ತಲೆಗೆ ಹಾಕಿಕೊಳ್ಳಲಿಲ್ಲ. ಭಾರತಿಗೆಂದೂ ಒಂದು ಜೊತೆ ಕೊಂಡೆ, ಕಪ್ಪು ಬಣ್ಣದ್ದು. ಆರು ವರ್ಷದಲ್ಲಿ ಅವರಿಗಾಗಿ ನಾನು ಕೊಂಡ ಮೊದಲ ವಸ್ತು.

ವಾಪಸು ಬಂದ ಮೇಲಿನ ಭಾನುವಾರ ಮಧ್ಯಾಹ್ನ ಇಬ್ಬರೂ ಅವರ ಮನೆಗೆ ಹೋದೆವು. ಭಾರತಿ ಡಬ್ಬಿ ತೆರೆದು ನೋಡಿ, ನನ್ನನ್ನಲ್ಲ, ರಘುವನ್ನು ಕೇಳಿದರು, "ಇದ್ಯಾಕ?"

"ನೀವು ಪಟ್ಟಿ ಬರೆದುಕೊಟ್ಟಿರಲ್ಲ ಅಕ್ಕ, ಅದಕ್ಕೆ" ಎಂದೆ.

"ಯಾವ ಪಟ್ಟಿ?"

ಜನವರಿಯ ಆ ಶನಿವಾರದ ವಿಷಯ ಹೇಳಿದೆ. ಭಾವ ನಕ್ಕುಬಿಟ್ಟರು. "ಅವತ್ತು ನಾವ ಇಲ್ಲೆಲ್ಲಿದ್ದೆವು? ಗುರುವಾರನೇ ಬಾಸ್ಟನ್‌ಗೆ ಹೋಗಿದ್ದೆವಲ್ಲ!" ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಆಸ್ಪತ್ರೆಯ ಕುರ್ಚಿಯಲ್ಲಿ ಭಾರತಿ, ಮಡಿಲಲ್ಲಿ ಆಗಷ್ಟೇ ಹುಟ್ಟಿದ ಮಗು. ತೆಗೆದ ಹೊತ್ತು, ಅದೇ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷ. ನಾನು ಪರ್ಸಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಭಾರತಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಅಕ್ಷರ ನಂದ. ಬರದಾಕಿ ನಾ ಅಲ್ಲ. ಈ ಕೈಗವಸಿನಂಗಡಿ ನದೀ ಆಚಿಗಿತ್ತು, ಇದು ನನಗ ಗೊತ್ತಿಲ್ಲದ ಜಾಗಾ." ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. "ಗರಾಜಿನ ಬಾಗಲಾ ತಗಿಯೂ ಕೋಡ್ ಅತ್ತಿಯವರಿದ್ದಾಗಿಂದ ನಿನಗ ಗೊತ್ತದ. ನಾವು ಇಲ್ಲದಾಗ ಮನಿಯೊಳಗ ಬಂದು ಏನೇನ ತಡಕಾಡಿದಿ?"

ಕಳ್ಳಿ ಎಂದಂತೆಯೇ ಆಯಿತು, ನನಗೆ ತಡೆಯಲಾಗಲಿಲ್ಲ. ಇಲ್ಲೇ, ಇದೇ ಕುರ್ಚಿಯಲ್ಲಿ ಕೂತು ನೀವೇ ಹೇಳಿದಿರಿ ಎಂದು ಅತ್ತೆಯವರ ಕೊನೆಯ ಮಾತನ್ನು, ಮುಂಗೈ ಹಿಡಿದದ್ದನ್ನು, ಎಲ್ಲರೆದುರು ಹೇಳಿಬಿಟ್ಟೆ.

ಭಾರತಿಯ ಮುಖದಿಂದ ಬಣ್ಣ ಇಳಿಯುವುದನ್ನು ಕಣ್ಣಾರೆ ಕಂಡೆ. ಭಾವ, "ಏನದು? ಅವ್ವ ಹಂಗಂದಿದ್ಲಾ?" ಎಂದು ಹೆಂಡತಿಯ ಕಡೆ ತಿರುಗಿದರು. ಅವರಿಗೂ ಗೊತ್ತಿರಲಿಲ್ಲ. ರಘು ನೆಲ ನೋಡುತ್ತಿದ್ದ. ತಾಯಿ ಕಡೆಯ ಹೊತ್ತಿನಲ್ಲಿ ತನ್ನ ಹೆಂಡತಿ ಬೇಡ ಎಂದದ್ದನ್ನು ಅವನು ಹೀಗೆ ಕೇಳಬೇಕಾಯಿತು.

"ಆ ಹೊತ್ತಿನಾಗ ಖೋಲಿಯೊಳಗ ನಾವಿಬ್ಬರ ಇದ್ವಿ" ಎಂದರು ಭಾರತಿ. "ಎಲ್ಲೂ ಬರದಿಟ್ಟಿಲ್ಲ, ಯಾರಿಗೂ ಹೇಳಿಲ್ಲ. ನಿನಗ ಯಾರು ಹೇಳಿದ್ರು?"

"ನೀವೇ" ಎಂದೆ.

"ಎದ್ದು ಹೋಗು ನನ್ನ ಮನಿಯಿಂದ." ಕೈಗವಸಿನ ಡಬ್ಬಿಯನ್ನು ರಘುವಿನ ಕೈಗೆ ತುರುಕಿದರು. ಮರುದಿನವೇ ಗರಾಜಿನ ಕೋಡ್ ಬದಲಾಯಿತಂತೆ.

ಕಾರಿನಲ್ಲಿ ರಘು ಕೇಳಿದ. "ನೀ ಖರೇನೇ ಬೆಲ್ ಮಾಡಿದ್ದೇನು?" ಅಷ್ಟೇ. ನಾನು ನನ್ನ ಫೋನಿನ ಮ್ಯಾಪ್ ತೆರೆದು ಅವತ್ತಿನ ಓಡಾಟ ಹುಡುಕಿದೆ. ಹನ್ನೊಂದರಿಂದ ಸರಿಸುಮಾರು ಒಂದು ಗಂಟೆ ನಾನು ಅದೇ ವಿಳಾಸದಲ್ಲಿದ್ದೆ ಎಂದು ಅದು ತೋರಿಸಿತು. ನನ್ನ ಪರವಾಗಿ ಸಿಕ್ಕ ಒಂದೇ ದಾಖಲೆ, ಅದೂ ಬೀಗ ಹಾಕಿದ ಮನೆಯೊಳಗೆ ನಾನಿದ್ದೆ ಎಂದೇ ಹೇಳುತ್ತಿತ್ತು. ಅದನ್ನು ನೋಡಿದ ಮೇಲೆ ರಘು ಆ ವಿಷಯ ಎತ್ತುವುದನ್ನೇ ಬಿಟ್ಟ.

ನಿಜ ಹೇಳಬೇಕೆಂದರೆ, ನನ್ನ ಮೇಲೆ ನನಗೇ ಅನುಮಾನ ಬಂದ ದಿನಗಳಿವೆ. ಕೋಡ್ ಒತ್ತಿ ಒಳಗೆ ಹೋಗಿ, ಏನೋ ಆಗಿ, ಎಲ್ಲವನ್ನೂ ನಾನೇ ಕಲ್ಪಿಸಿಕೊಂಡೆನೇ? ಹಾಗಾದರೆ ಅವರ ಅಕ್ಷರ ನನ್ನ ಕೈಗೆ ಬಂದದ್ದು ಹೇಗೆ? ಇಬ್ಬರೇ ಇದ್ದ ಕೋಣೆಯ ಮಾತು ನನ್ನ ಕಿವಿಗೆ ಬಿದ್ದದ್ದು ಹೇಗೆ? ಎಷ್ಟು ಯೋಚಿಸಿದರೂ ಒಂದು ಕಡೆ ತಾಳೆಯಾದರೆ ಇನ್ನೊಂದು ಕಡೆ ಬಿಟ್ಟುಹೋಗುತ್ತದೆ.

ಮೇ ತಿಂಗಳಲ್ಲಿ ಮಾರಿಸ್‌ಟೌನ್‌ನ ಹಾಲ್‌ನಲ್ಲಿ ನಿಶ್ಚಿತಾರ್ಥವಾಯಿತು. ಭಾವ, ಭಾರತಿ ಇಬ್ಬರೂ ಬಂದರು. ನಿಧಿ ಮಗುವಾಗಿದ್ದಾಗಿನಿಂದ ಅವಳನ್ನು ಎತ್ತಿ ಆಡಿಸಿದವರು, ಬಾರದಿರುತ್ತಾರೆಯೇ? ಬೀಗಿತ್ತಿ ಬ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿ ಹೊಗಳಿದಾಗ ಭಾರತಿ ಅಲ್ಲೇ ನಿಂತಿದ್ದರು, ಮುಖ ತಿರುಗಿಸಿಕೊಂಡರು. ಊಟವಾಗಿ ಜನ ಕರಗಿದ ಮೇಲೆ ನಾನು ತಾಂಬೂಲದ ಚೀಲಗಳನ್ನು ಕಾರಿಗೆ ತುಂಬುತ್ತಿದ್ದೆ. ಭಾರತಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅವತ್ತು ಕಡೀಕ ಏನಾತು?" ಎಂದು ಕೇಳಿದರು. "ನೀ ಹೊರಡೂ ಮುಂದ."

ಮೊದಲು ಅವರ ಕೈಯನ್ನು, ಆಮೇಲೆ ಮುಖವನ್ನು ನೋಡಿದೆ. ಎದುರಿಗಿರುವವರು ಅವರೇ ಹೌದೋ ಅಲ್ಲವೋ ಎಂದು ಈಗ ಯಾವಾಗಲೂ ಹಾಗೆ ನೋಡುವುದು ಅಭ್ಯಾಸವಾಗಿಬಿಟ್ಟಿದೆ. "ತಪ್ಪಾಯ್ತು ಅಕ್ಕ ಅಂದೆ. ಆ ಮಾತು ಆಡಬಾರದಿತ್ತು ಅಂದೆ."

"ಆಕಿಗೆ ಅಂದಿ. ನನಗಲ್ಲ."

ಇಷ್ಟು ಹೇಳಿ ಅವರು ಭಾವನ ಕಾರಿನ ಕಡೆ ನಡೆದರು. ಕೂಗಿ ನಿಲ್ಲಿಸಬಹುದಿತ್ತು. ನಾಲ್ಕು ಹೆಜ್ಜೆ ಹಿಂದೆ ಹೋದರೆ ಸಾಕಿತ್ತು. ಅಂದು ಬಾಗಿಲಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಇಂದು ಬರಲಿಲ್ಲ. ಚೀಲ ಹಿಡಿದುಕೊಂಡು ಅವರ ಕಾರು ರಸ್ತೆಗೆ ಹೊರಳುವವರೆಗೂ ನಿಂತಿದ್ದೆ. ಆ ಮಾತನ್ನು ನಾನು ಯಾರಿಗೆ ಹೇಳಿದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.