ಗೋಮಾಳದಲ್ಲಿ ಕಿತ್ತ ಕೆಂಪು ಬಾವುಟಗಳು

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ ನಾನು ಚಿಕ್ಕಮಗಳೂರಿನ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ಅಷ್ಟು ವರ್ಷಗಳ ಕೆಲಸವೆಲ್ಲ ಕಾಫಿ ತೋಟಗಳ ಮಣ್ಣಿನಲ್ಲೇ ಕಳೆದಿತ್ತು. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಬೇರೆಯದೇ ಒಂದು ಕೆಲಸ ಬಂತು. ಕಳಸದ ಆಚೆಗಿನ ಒಂದು ಊರಿನ ಗೋಮಾಳದಲ್ಲಿ, ಅಂದರೆ ಊರ ದನಗಳು ಮೇಯುವ ಸಾರ್ವಜನಿಕ ಜಾಗದಲ್ಲಿ, ಮಣ್ಣಿನ ಕಾರ್ಬನ್ ಅಳೆಯಬೇಕಿತ್ತು.

ಕೆಲಸ ಒಪ್ಪಿಸಿದ್ದು ಹೊರಗಿನ ಒಂದು ಖಾಸಗಿ ಕಂಪನಿ. ಗೋಮಾಳ ಹಾಳುಬಿದ್ದಿದೆ ಎಂದು ಸಾಬೀತಾದರೆ ಅಲ್ಲಿ ಬೇಲಿ ಹಾಕಿ ಅಕೇಶಿಯಾ ನೆಡುವುದು ಅವರ ಯೋಜನೆ. ಹುಲ್ಲಿನ ಬೇರು, ಸೆಗಣಿ, ಕೊಳೆತ ಎಲೆಗಳಿಂದ ಮಣ್ಣಿಗೆ ಸೇರಿ ಉಳಿಯುವ ಇಂಗಾಲವೇ ಮಣ್ಣಿನ ಕಾರ್ಬನ್. ಅದು ಕಡಿಮೆಯಾದರೆ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ನಮ್ಮ ವರದಿಯ ಮೇಲೆ ಬೇಲಿಯ ತೀರ್ಮಾನ ನಿಂತಿತ್ತು.

ಮೊದಲ ದಿನ ಗೋಮಾಳದ ಉದ್ದಗಲಕ್ಕೂ ಮಾದರಿ ತೆಗೆಯುವ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ಕೆಂಪು ಬಾವುಟ ನೆಟ್ಟು ಬಂದೆವು. ಊರಿಗೆ ಮುಂಚೆಯೇ ತಿಳಿಸಿದ್ದೇವೆ ಎಂದು ಕಂಪನಿಯವರು ಹೇಳಿದ್ದರು. ತಿಳಿಸಿರಲಿಲ್ಲ. ಮರುದಿನ ಹೋದಾಗ ಒಂದೂ ಬಾವುಟ ಇರಲಿಲ್ಲ. ಜೀಪು ನಿಲ್ಲುತ್ತಿದ್ದಂತೆ ಜನ ಸುತ್ತುವರಿದರು. ಯಾರೋ ದಾರಿಗೆ ಅಡ್ಡಲಾಗಿ ಬೈಕು ನಿಲ್ಲಿಸಿದರು. ಮಣ್ಣು ಕೊರೆಯುವ ಆಗರ್ ಇಳಿಸಿದ ಕೂಡಲೇ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದು ಅದರ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು. ಅವರು ಸುಶೀಲಮ್ಮ. ಗೋಮಾಳದ ಕೆಳಗಿನ ಸಮತಟ್ಟಿನ ಎದುರಿಗೇ ಅವರ ಮನೆ. ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕಿ ಬದುಕುತ್ತಿದ್ದವರು.

"ಬೇಲಿಗೆ ಗುರುತು ಹಾಕೋಕೆ ಬಂದಿದ್ದಾ ನೀವು?" ಎಂದರು. ದನಿ ಏರಿರಲಿಲ್ಲ. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ನಾನು ಪಕ್ಕಕ್ಕೆ ಸರಿದು ಕಂಪನಿಯ ಅಧಿಕಾರಿಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. "ಮೇಡಂ, ಮೇಲೆ ಹತ್ತೋ ತೊಂದರೆ ಯಾಕೆ? ರಸ್ತೆ ಪಕ್ಕ ಸಮತಟ್ಟು ಇದೆಯಲ್ಲ, ಎಲ್ಲಾ ಸ್ಯಾಂಪಲ್ ಅಲ್ಲೇ ತೆಗೆದು ಮುಗಿಸಿಬಿಡಿ" ಎಂದರು. ಆ ಸಮತಟ್ಟು ದನಗಳು ನೀರು ಕುಡಿದು ಗುಂಪಾಗಿ ನಿಲ್ಲುವ ಜಾಗ. ತುಳಿದು ತುಳಿದು ನೆಲ ಸಿಮೆಂಟಿನ ಹಾಗಾಗಿತ್ತು. ಅಲ್ಲಿಯ ಮಣ್ಣು ಮಾತ್ರ ಲ್ಯಾಬಿಗೆ ಹೋದರೆ ಇಡೀ ಗೋಮಾಳ ಹಾಳೆಂದೇ ಬರುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಆಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಅಧಿಕಾರಿ ಹೇಳಿದ್ದನ್ನೂ ಅದರ ಅರ್ಥವನ್ನೂ ಸುಶೀಲಮ್ಮನಿಗೆ ಹಾಗೇ ಹೇಳಿದೆ. "ಮೇಲಿನ ಗುಡ್ಡದ ಮಣ್ಣೂ ತೆಗೀಬೇಕು. ನೀವು ಬಿಡದೆ ಇದ್ರೆ ನಾನು ವಾಪಸ್ ಹೋಗ್ತೀನಿ. ಆಮೇಲೆ ಬೇರೆ ಯಾರಾದ್ರೂ ಬಂದು ಕೆಳಗಿನದ್ದನ್ನೇ ತಗೊಂಡು ಹೋಗ್ತಾರೆ."

"ಮೇಲಿನದ್ದು ಚೆನ್ನಾಗಿದೆ ಅಂತ ನಿಮಗೆ ಹೆಂಗೆ ಗೊತ್ತು?"

"ಗೊತ್ತಿಲ್ಲ. ಕೆಟ್ಟಿದ್ರೆ ಕೆಟ್ಟಿದೆ ಅಂತಾನೇ ಬರೀತೀನಿ."

ಹಿಂದೆ ನಿಂತಿದ್ದ ಗಂಡಸರು ಗೊಣಗಿದರು. ಸುಶೀಲಮ್ಮ ಒಂದು ಕೈಯೆತ್ತಿ ಅವರನ್ನು ತಡೆದರು. "ನಾವೂ ಸಂಗಡ ಬರ್ತೀವಿ. ತೆಗೆದ ಮಣ್ಣಲ್ಲಿ ಅರ್ಧ ಊರಲ್ಲೇ ಇರ್ಬೇಕು, ಬೇಕಾದ್ರೆ ನಾವೂ ಪರೀಕ್ಷೆ ಮಾಡಿಸ್ತೀವಿ" ಎಂದು ಹಿಡಿ ಬಿಟ್ಟರು.

ಇಡೀ ಊರು ಬೆನ್ನ ಹಿಂದೆ ನಿಂತಿರುವಾಗ ನಾನು ಅದುವರೆಗೆ ಕೆಲಸ ಮಾಡಿರಲಿಲ್ಲ. ಪ್ರತಿ ಜಾಗದಲ್ಲೂ ಮೂವತ್ತು ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು, ಎರಡು ಪಾಲು ಮಾಡಿ, ಚೀಲಗಳಿಗೆ ಸೀಲ್ ಹಾಕಿದೆವು. ಜೊತೆಗೆ ಉಕ್ಕಿನ ಬಳೆಯೊಂದನ್ನು ನೆಲಕ್ಕೆ ಹೊಡೆದು ಅದರೊಳಗಿನ ಮಣ್ಣನ್ನು ಬೇರೆಯಾಗಿ ತೆಗೆದೆವು. ಅದನ್ನು ಒಣಗಿಸಿ ತೂಗಿದರೆ ಮಣ್ಣು ಎಷ್ಟು ಒತ್ತಿಕೊಂಡಿದೆ ಎಂಬುದು ತಿಳಿಯುತ್ತದೆ. ಇದಕ್ಕೆ ಬಲ್ಕ್ ಡೆನ್ಸಿಟಿ ಎನ್ನುತ್ತಾರೆ. ಇದಿಲ್ಲದೆ ಕಾರ್ಬನ್ ಲೆಕ್ಕ ಪೂರ್ತಿಯಾಗದು. ನೀರು ಎಷ್ಟು ಬೇಗ ಇಂಗುತ್ತದೆಂದು ನೋಡಲು ಪಕ್ಕದಲ್ಲಿ ಬಳೆಯನ್ನು ಮತ್ತೆ ಹೊಡೆದು ಅದರೊಳಗೆ ನೀರು ಹೊಯ್ದೆವು. ಮೇಲಿನ ಇಳಿಜಾರಿನಲ್ಲಿ ಅದು ನೋಡನೋಡುತ್ತ ಇಂಗಿತು. ಕೆಳಗೆ ಸಮತಟ್ಟಿನಲ್ಲಿ ಹೊಯ್ದ ನೀರು ನಾವು ಚಹಾ ಕುಡಿದು ಬಂದರೂ ಹಾಗೇ ನಿಂತಿತ್ತು. ಸುಶೀಲಮ್ಮ ಬಗ್ಗಿ ಅದನ್ನು ನೋಡಿದರು.

ಲ್ಯಾಬಿನ ಫಲಿತಾಂಶ ಬಂದಾಗ ನಿರಾಳವಾಯಿತು, ಸಂಕಟವೂ ಆಯಿತು. ಮೇಲಿನ ಹುಲ್ಲುಗಾವಲಿನ ಕಾರ್ಬನ್ ಪಕ್ಕದ ಶೋಲಾ ಕಾಡಿನ, ಅಂದರೆ ಗುಡ್ಡಗಳ ನಡುವಿನ ನಿತ್ಯಹಸಿರು ಕಾಡಿನ, ಮಣ್ಣಿಗೆ ಸರಿಸಮ ಇತ್ತು. ಕೆಳಗಿನ ಸಮತಟ್ಟಿನಲ್ಲಿ ಅದರ ಅರ್ಧವೂ ಇರಲಿಲ್ಲ. ಅಧಿಕಾರಿ ಮತ್ತೆ ಫೋನ್ ಮಾಡಿ, ಎರಡನ್ನೂ ಸೇರಿಸಿ ಸರಾಸರಿಯ ಒಂದೇ ಅಂಕಿ ಕೊಡಿ ಎಂದರು. ಹಾಗೆ ಕೊಟ್ಟರೆ ಚೆನ್ನಾಗಿದ್ದ ಗುಡ್ಡವೂ ಹಾಳಾದಂತೆ ಕಾಣುತ್ತಿತ್ತು. ನಾನು ಎರಡನ್ನೂ ಬೇರೆ ಬೇರೆಯಾಗಿಯೇ ಬರೆದೆ. ವರದಿ ಕಳಿಸುವ ಮೊದಲು ಊರಿಗೆ ಹೋದೆ.

ಶಾಲೆಯ ಕೋಣೆಯಲ್ಲಿ ಜನ ಸೇರಿದ್ದರು. ಗುಡ್ಡದ ವಿಷಯ ಹೇಳಿದಾಗ ಎಲ್ಲರ ಮುಖ ಅರಳಿತು. ಆಮೇಲೆ ಸಮತಟ್ಟಿನ ವಿಷಯ ಹೇಳಿದೆ. ಕನಿಷ್ಠ ಎರಡು ಮಳೆಗಾಲ ಅಲ್ಲಿ ದನ ಬಿಡಬಾರದು, ಇಲ್ಲವಾದರೆ ಅಲ್ಲಿ ಹುಲ್ಲೇ ಹುಟ್ಟುವುದಿಲ್ಲ ಎಂದೆ.

ಮುಂದೆ ಕೂತಿದ್ದ ಒಬ್ಬರು ಎದ್ದರು. "ಆ ಮಾತು ವರದಿಲಿ ಬೇಡ ಮೇಡಂ. ಅದನ್ನೇ ಹಿಡ್ಕೊಂಡು ಬೇಲಿ ಹಾಕ್ತಾರೆ."

ಅವರ ಭಯ ಸುಳ್ಳಾಗಿರಲಿಲ್ಲ. ನಾನು ಉತ್ತರಿಸುವ ಮೊದಲೇ ಸುಶೀಲಮ್ಮ ಮಾತಾಡಿದರು. ಆ ಜಾಗ ಮುಚ್ಚಿದರೆ ಎಲ್ಲರಿಗಿಂತ ಹೆಚ್ಚು ಕಷ್ಟ ಅವರಿಗೇ. ಮಂಡಿನೋವಿನ ಕಾಲಿನಲ್ಲಿ ದಿನಾ ಗುಡ್ಡ ಹತ್ತಬೇಕಾಗುತ್ತಿತ್ತು.

"ಅಲ್ಲ ಮಾರಾಯಾ, ಮೇಲಿಂದು ನಿಜ ಅಂತ ಒಪ್ಕೊಂಡ್ವಿ. ಕೆಳಗಿಂದು ಬಚ್ಚಿಡಿ ಅಂದ್ರೆ ನಾಳೆ ಮೇಲಿಂದನ್ನ ಯಾರು ನಂಬ್ತಾರೆ?" ಎಂದರು. ನಂತರ ನನ್ನ ಕಡೆ ತಿರುಗಿ, "ಬರೀರಿ ಮೇಡಂ. ಆದ್ರೆ ಆ ಜಾಗಕ್ಕೆ ಬೇಲಿ ಊರೋರೇ ಹಾಕ್ತೀವಿ, ಊರೋರೇ ತೆಗಿತೀವಿ ಅಂತಾನೂ ಬರೀರಿ" ಎಂದರು. ಹಾಗೇ ಬರೆದೆ.

ಕಂಪನಿ ಆ ಗೋಮಾಳವನ್ನು ಕೈಬಿಟ್ಟಿತು. ಊರಿನವರು ಸಮತಟ್ಟಿಗೆ ಬಿದಿರಿನ ಬೇಲಿ ಹಾಕಿದರು. ಮುಂದಿನ ವರ್ಷ ಹೋದಾಗ ಒಳಗೆ ಅಲ್ಲಲ್ಲಿ ಹುಲ್ಲು ಚಿಗುರಿತ್ತು, ಎಲ್ಲ ಕಡೆ ಅಲ್ಲ. ಸುಶೀಲಮ್ಮನ ಕೊಟ್ಟಿಗೆಯಲ್ಲಿ ಎರಡೇ ಹಸುಗಳಿದ್ದವು. "ನಾಲ್ಕನ್ನೂ ಗುಡ್ಡ ಹತ್ತಿಸೋಕೆ ಆಗ್ಲಿಲ್ಲ" ಎಂದರಷ್ಟೇ. ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಮಜ್ಜಿಗೆ ಕೊಟ್ಟರು, ಕುಡಿದೆ.

ಸರಿಯಾದ ಅಂಕಿ ಬರೆಯುವಲ್ಲಿಗೆ ನನ್ನ ಕೆಲಸ ಮುಗಿಯುತ್ತದೆ ಎಂದೇ ಅಷ್ಟು ವರ್ಷ ದುಡಿದಿದ್ದೆ. ನಿಜವಾದ ಅಂಕಿಗೂ ಬೆಲೆ ತೆರುವವರು ಇರುತ್ತಾರೆ ಎಂದು ಆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ತಿಳಿಯಿತು. ಉಳಿದ ಅವಧಿಯಲ್ಲಿ ನಾನು ಬರೆದ ಪ್ರತಿ ವರದಿಯನ್ನೂ ಮೊದಲು ಆ ಮಣ್ಣಿನ ಮೇಲೆ ಬದುಕುವವರ ಎದುರು ನಿಂತು ಓದಿದೆ. ಕೆಲಸ ಒಪ್ಪಿಸಿದವರಿಗೆ ಕಳಿಸಿದ್ದು ಆಮೇಲೆ.