ಯಾರಂತ ಹೇಳದೆ ಹುಡುಕಿದ್ದು

ಫೋನ್ ಎತ್ತಿದೊಡನೆ ವಿಷಯಕ್ಕೆ ಬರುವವರನ್ನು ಕಂಡರೆ ಸುದ್ದಿಮನೆಯವರಿಗೆ ಪ್ರೀತಿ. ನಮ್ಮ ಗುಡೇಕೋಟೆಯ ವರದಿಗಾರ ಬಸಣ್ಣ ಮಾತ್ರ, ನನಗೆ ಎಷ್ಟೋ ವರ್ಷದ ಪರಿಚಯವಿದ್ದರೂ, "ನಮಸ್ಕಾರ್ರಿ, ನಾನು ಬಸಣ್ಣ, ಗುಡೇಕೋಟಿ, ಕೂಡ್ಲಿಗಿ ತಾಲ್ಲೂಕು" ಎಂದೇ ಶುರು ಮಾಡುವವರು. ಅವರು ಕೂಡ್ಲಿಗಿ ತಲುಪುವ ಮೊದಲೇ ನಾನು "ಗೊತ್ತು, ಸುದ್ದಿ ಹೇಳ್ರಿ" ಎಂದು ಕತ್ತರಿಸುತ್ತಿದ್ದೆ. ಉಪಸಂಪಾದಕ ನಾನು; ಕತ್ತರಿಸುವುದು ನನ್ನ ಉದ್ಯೋಗ.

ಹಗರಿಬೊಮ್ಮನಹಳ್ಳಿಯ ನಮ್ಮ ಪುಟ್ಟ ಕಚೇರಿಗೆ ಆಗಷ್ಟೇ ಇಂಟರ್‌ನೆಟ್ ಬಂದಿತ್ತು. ಐದು ತಾಲ್ಲೂಕುಗಳ ವರದಿಗಾರರ ಹೆಸರು, ಊರು, ನಂಬರುಗಳೆಲ್ಲ ಕೇಂದ್ರ ಕಚೇರಿಯ ಡೈರೆಕ್ಟರಿ ಸರ್ವರ್ ಎಂಬ ಕಂಪ್ಯೂಟರ್ ಸೇರಿದ್ದವು. ಅಲ್ಲಿಂದ ಹೆಸರು ಹುಡುಕಿ ತೋರಿಸುವ ಪುಟವೊಂದನ್ನು ಪಿಎಚ್‌ಪಿ ಎಂಬ ವೆಬ್ ಭಾಷೆಯಲ್ಲಿ ಬರೆಯುವ ಹುಚ್ಚು ನನಗೆ ಹತ್ತಿತು. ಒಂದು ಚಿಹ್ನೆ ತಪ್ಪಿದರೆ ಕನ್ನಡ ಓದುಗ ಕ್ಷಮಿಸುತ್ತಾನೆ. ಈ ಭಾಷೆಗೆ ಆ ದಾಕ್ಷಿಣ್ಯವಿಲ್ಲ. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಶಾಹೀನ್ ನನ್ನ ತಪ್ಪುಗಳನ್ನು ಮಾತಿಲ್ಲದೆ ತಿದ್ದಿಕೊಡುತ್ತಿದ್ದಳು.

ಆ ದಿನಗಳಲ್ಲೇ ಒಂದು ಗಾಳಿಮಾತು ಹಬ್ಬಿತು: ಸರ್ವರಿನಲ್ಲಿ ಹೆಸರಿಲ್ಲದವರನ್ನು ಪತ್ರಿಕೆ ಕೈಬಿಟ್ಟಿದೆಯಂತೆ. ಫೋಟೊ ಕೊಡುವ ನೆಪ ಮಾಡಿಕೊಂಡು ಬಸಣ್ಣ ಬಸ್ಸು ಹತ್ತಿ ಬಂದರು. ಚಹಾ ಕುಡಿದರು. ಹತ್ತಿ ರೇಟಿನ ಮಾತಾಡಿದರು. ಏಳುವ ಹೊತ್ತಿಗೆ, "ನನ್ನ ಹೆಸರು ಐತೇನ್ರಿ ಅದ್ರಾಗ?" ಎಂದರು.

ನನ್ನ ಪುಟ ತೋರಿಸಲು ಇದೇ ಸಮಯವೆಂದು ಅವರ ಹೆಸರು ಹುಡುಕಿದೆ. ಸರ್ವರಿನ ಸಂಪರ್ಕವಾಯಿತು ಎಂದಿತು ಪರದೆ. ಮರುಕ್ಷಣ, ಯಾರೂ ಸಿಗಲಿಲ್ಲ ಎಂದಿತು. ಬಸಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇರ್ಲಿ ಬಿಡ್ರಿ. ಭಾಳ ವರ್ಷ ಸುದ್ದಿ ಬರದೀನಿ."

ಅನುಮಾನ ಬಂದು ನನ್ನ ಹೆಸರನ್ನೇ ಹುಡುಕಿದೆ. ನಾನೂ ಇರಲಿಲ್ಲ. ಶಾಹೀನ್ ನನ್ನ ಸಾಲುಗಳ ಮೇಲೆ ಕಣ್ಣಾಡಿಸಿ ನಕ್ಕಳು. "ಸರ್, ಬಾಗಿಲ ತನಕ ಹೋಗೀರಿ, ನೀವು ಯಾರಂತ ಹೇಳೇ ಇಲ್ಲ. ಗುರ್ತಿಲ್ಲದವ್ರಿಗೆ ಸರ್ವರ್ ಒಳಗ ಯಾರದಾರ ಅಂತ ಹೇಳಂಗಿಲ್ಲ."

ನ್ಯಾಯವೇ. ನಮ್ಮ ಕಡೆಯ ತೆಲಿಗಿ ಊರಿನ ಕಟ್ಟೆಯ ಮೇಲೆ ಕೂತವರನ್ನು ಯಾರದಾದರೂ ಮನೆ ಕೇಳಿ ನೋಡಿ. ದಾರಿ ತೋರಿಸುವ ಮೊದಲು "ನೀವು ಯಾವೂರವ್ರು? ಯಾರ ಮನ್ಯಾರು?" ಎನ್ನುತ್ತಾರೆ. ಸುದ್ದಿಗೆ ಓಡುವ ಅವಸರದಲ್ಲಿ ಇದು ನನಗೆ ಬರೀ ಕಾಲಹರಣವಾಗಿ ಕಂಡಿತ್ತು. ಈಗ ಹೊಳೆಯಿತು, ಮನೆಯೊಳಗಿರುವವರ ಮೇಲೆ ಊರಿಗಿರುವ ಅಕ್ಕರೆ ಅದು.

ನನ್ನ ಹೆಸರು, ಪಾಸ್‌ವರ್ಡ್ ಸೇರಿಸಿ ಇನ್ನೊಂದು ಸಾಲು ಬರೆದೆ. ಈ ಸಲ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿತು: ಬಸಣ್ಣ, ಗುಡೇಕೋಟೆ, ಕೂಡ್ಲಿಗಿ. ಅವರು ಫೋನಿನಲ್ಲಿ ಹೇಳುವ ಅದೇ ಕ್ರಮ. ಬಸಣ್ಣ ಕನ್ನಡಕ ಏರಿಸಿ, ಅಕ್ಷರ ಅಕ್ಷರ ಓದಿ, ಇನ್ನೊಮ್ಮೆ ತೋರಿಸು ತಂಗಿ ಎಂದರು.

"ಎಷ್ಟು ಸಲ ಬೇಕಾದ್ರೂ ನೋಡ್ರಿ ಕಾಕಾ," ಎಂದಳು ಶಾಹೀನ್, "ಸವೆಯಂಗಿಲ್ಲ ಅದು."

ಮಾರನೆಯ ದಿನ ಫೋನ್ ಬಂತು. "ನಮಸ್ಕಾರ್ರಿ, ನಾನು ಬಸಣ್ಣ, ಗುಡೇಕೋಟಿ..." ಎಂದು, ನಾನು ಕತ್ತರಿಸುವ ಜಾಗದಲ್ಲಿ ರೂಢಿಯಂತೆ ನಿಂತರು. ಈ ಸಲ ನಾನು ಕತ್ತರಿಸಲಿಲ್ಲ. ಆ ಕಡೆಯಿಂದ ಸಣ್ಣದೊಂದು ಕೆಮ್ಮು.

"ಕೂಡ್ಲಿಗಿ ತಾಲ್ಲೂಕು," ಎಂದರು ಬಸಣ್ಣ.

"ಹೇಳ್ರಿ ಬಸಣ್ಣ," ಎಂದೆ.