ಭಾನುವಾರದ ಮೆಕ್ಯಾನಿಕ್

ವಾರವಿಡೀ ನಾಗಪುರದ ಹಿಂಗಣಾದ ಕಾರ್ಖಾನೆಯಲ್ಲಿ ಕುರ್ಚಿಗೆ ಅಂಟಿಕೊಂಡಿರುವ ಗುರುಪಾದ, ಭಾನುವಾರ ಬಂತೆಂದರೆ ಪ್ರತಾಪ ನಗರದ ಮನೆಯ ಮುಂದೆ ತನ್ನ ಹಳೆಯ ಕಾರಿನಡಿ ಅಂಗಾತ ಮಲಗಿರುತ್ತಾನೆ. ಎಂಜಿನ್ನಿನ ಹಳದಿ ದೀಪ ಹತ್ತಿದರೆ ಗ್ಯಾರೇಜಿಗೆ ಹೋಗುವುದು ಅವನ ಜಾಯಮಾನವಲ್ಲ; ನಾಲ್ಕು ವೀಡಿಯೊ ನೋಡಿ, ಹೊಗೆ ಮೂಸಿ ನೋಡುವ ಆಕ್ಸಿಜನ್ ಸೆನ್ಸರ್ ತರಿಸಿ, ಹೊಗೆ ಕೊಳವೆ ಬಿಸಿಯಿದ್ದಾಗಲೇ ಹಳೆಯ ಸೆನ್ಸರ್ ಸಡಿಲವಾಗುತ್ತದೆಂದು ಮೊಣಕೈ ಸುಟ್ಟುಕೊಳ್ಳುತ್ತಾನೆ. ಹೋದ ತಿಂಗಳು ಮುಂದಿನ ಸೆನ್ಸರ್ ಕೆಟ್ಟಿದ್ದರೆ ಹಿಂದಿನದನ್ನು ಬದಲಿಸಿದ. "ಕಾರಿಗೆ ಎರಡು ಮೂಗು ಅದಾವಂತ ನನಗೇನ್ ಗೊತ್ತಿತ್ತು? ನೆಗಡಿ ಆಗಿದ್ದು ಒಂದಕ್ಕ, ಔಷಧ ಹಾಕಿದ್ದು ಇನ್ನೊಂದಕ್ಕ" ಎಂದು ನೆರೆಯವರ ಮುಂದೆ ತಾನೇ ನಗುತ್ತಾನೆ. ಕೈ ಒರೆಸುತ್ತ "ಈಗ ಬರೋಬರ್ ಆತು ನೋಡ್ರಿ" ಎನ್ನುವುದು ಅವನ ಪಲ್ಲವಿ. ಆದರೆ ಆ ಕಾರಿನಲ್ಲಿ ದಿನಾ ಒಬ್ಬಳೇ ಹೆದ್ದಾರಿ ಹಿಡಿದು ಮೌದಾದ ವಿದ್ಯುತ್ ಸ್ಥಾವರದ ಕೆಲಸಕ್ಕೆ ಹೋಗುವವಳು ಹೆಂಡತಿ ರಚನಾ. ಹಾಗಾಗಿ ಪ್ರತಿ ರಿಪೇರಿಯ ಮರುದಿನ ಅವನು ಅರ್ಧ ದಿನ ರಜೆ ಹಾಕಿ ಅವಳ ಪಕ್ಕದಲ್ಲಿ ಕೂತು ಹೋಗುತ್ತಾನೆ. "ನಿಮ್ಮ ಕೆಲಸದ ಮ್ಯಾಲೆ ನಿಮಗ ಭರೋಸಾ ಇಲ್ಲೇನ್ರಿ?" ಎಂದು ಅವಳು ಕೆಣಕುತ್ತಾಳೆ. "ಐತಲ್ಲ, ಅದಕ್ಕ ನಾನೂ ಕೂತೀನಿ" ಎನ್ನುತ್ತಾನೆ. ಅವಳು ಅವನನ್ನಿಳಿಸಿ ಗೇಟಿನೊಳಗೆ ಹೋದ ಮೇಲೆ ನಾಗಪುರದ ಬಸ್ಸು ಬಂದು ನಿಲ್ಲುತ್ತದೆ. ಅವನು ಹತ್ತುವುದಿಲ್ಲ, ಅರ್ಧ ದಿನದ ರಜೆ ಇಡೀ ದಿನದ್ದಾದರೂ ಗೇಟಿನ ಬಳಿಯೇ ಕಾಯುತ್ತಾನೆ; ಸಂಜೆ ಅವಳು ಅದೇ ಕಾರಿನಲ್ಲಿ ಒಬ್ಬಳೇ ಮರಳಬೇಕಲ್ಲ.